ಗಡುವಿಲ್ಲದ ಪರಿಶೀಲನೆ: ಅಮೆರಿಕದ ವಿದ್ಯಾರ್ಥಿ ವೀಸಾ ಮತ್ತು ಸಂದರ್ಶನದ ನಂತರದ ವಿಳಂಬ

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಓದುವ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ 2023–24ರಲ್ಲಿ 3,31,602ಕ್ಕೆ ಏರಿ, 2008–09ರ ನಂತರ ಮೊದಲ ಬಾರಿಗೆ ಚೀನಾವನ್ನು ಹಿಂದಿಕ್ಕಿತು. ಮರುವರ್ಷ ಅದು 3,63,019ಕ್ಕೆ ತಲುಪಿತು. ಈ ಸಂಖ್ಯೆಯ ಹಿಂದೆ ಪ್ರತಿವರ್ಷವೂ ಸಾವಿರಾರು ಮನೆಗಳಲ್ಲಿ ತಿಂಗಳುಗಟ್ಟಲೆ ನಡೆಯುವ ಸಿದ್ಧತೆ ಇರುತ್ತದೆ. ವಿಶ್ವವಿದ್ಯಾಲಯದಲ್ಲಿ ಪ್ರವೇಶ ದೊರೆತು, ವಿದ್ಯಾರ್ಥಿಯ ಕೋರ್ಸು ಹಾಗೂ ಹಣಕಾಸಿನ ವಿವರಗಳನ್ನು ದೃಢೀಕರಿಸುವ ಐ-20 ಪತ್ರ ಕೈಸೇರಿ, ವಿದೇಶಿ ವಿದ್ಯಾರ್ಥಿಗಳ ದಾಖಲೆ ಇಡುವ ‘ಸೆವಿಸ್’ ವ್ಯವಸ್ಥೆಗೆ 350 ಡಾಲರ್ ಮತ್ತು ವೀಸಾ ಅರ್ಜಿಗೆ 185 ಡಾಲರ್ ಶುಲ್ಕ ಕಟ್ಟಿ, ಡಿಎಸ್-160 ಎಂಬ ಆನ್‌ಲೈನ್ ನಮೂನೆಯನ್ನು ತುಂಬಿ, ಹತ್ತೂ ಬೆರಳುಗಳ ಗುರುತು ಕೊಟ್ಟ ಮೇಲೆ ಉಳಿಯುವುದು ಕಾನ್ಸುಲೇಟಿನ ಕಿಟಕಿಯ ಮುಂದೆ ಎರಡು-ಮೂರು ನಿಮಿಷ ನಡೆಯುವ ಸಂದರ್ಶನ ಮಾತ್ರ.

ಸಂದರ್ಶನದ ಕೊನೆಯಲ್ಲಿ ಬಹುಪಾಲು ಅರ್ಜಿದಾರರಿಗೆ ವೀಸಾ ಸಿಕ್ಕಿತೆಂದೋ ಇಲ್ಲವೆಂದೋ ಸ್ಪಷ್ಟ ಉತ್ತರ ದೊರೆಯುತ್ತದೆ. ಆದರೆ ಕೆಲವರ ಕೈಗೆ ‘221(ಜಿ)’ ಎಂದು ಅಚ್ಚಾದ ಚೀಟಿಯೊಂದು ಬರುತ್ತದೆ. ಅರ್ಜಿಯು ‘ಆಡಳಿತಾತ್ಮಕ ಪರಿಶೀಲನೆ’ಗೆ ಒಳಪಟ್ಟಿದೆ, ಮುಂದಿನ ಸೂಚನೆಯನ್ನು ಕಾಯಬೇಕು ಎಂಬುದು ಅದರ ಸಾರಾಂಶ. ಈ ಪರಿಶೀಲನೆ ಕೆಲವು ದಿನಗಳಲ್ಲಿ ಮುಗಿಯಬಹುದು, ಹಲವು ತಿಂಗಳು ಹಿಡಿಯಬಹುದು. ಎಷ್ಟು ಕಾಲ ಬೇಕೆಂದು ಅರ್ಜಿದಾರರಿಗೆ ತಿಳಿಸುವ ಕಾನೂನುಬದ್ಧ ಹೊಣೆ ಯಾವ ಅಧಿಕಾರಿಯ ಮೇಲೂ ಇಲ್ಲ. ಈ ಪದ್ಧತಿ ಹೇಗೆ ಹುಟ್ಟಿತು, ಯಾವ ಕಾರಣಗಳಿಗೆ ಅರ್ಜಿ ಅದರೊಳಗೆ ಸಿಲುಕುತ್ತದೆ, ಅದರ ವೇಗವನ್ನು ಏನು ನಿರ್ಧರಿಸುತ್ತದೆ ಎಂಬುದನ್ನು ತಿಳಿದುಕೊಂಡರೆ, ವಿಳಂಬವು ಅನಿವಾರ್ಯವೆಂಬ ಸಾಮಾನ್ಯ ನಂಬಿಕೆಯನ್ನು ಪ್ರಶ್ನಿಸಲು ಸಾಕಷ್ಟು ಆಧಾರ ಸಿಗುತ್ತದೆ.

ಕರ್ನಾಟಕದ ವಿದ್ಯಾರ್ಥಿಗಳಿಗೆ ಈ ವಿಷಯ ಹತ್ತಿರದ್ದು. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಸ್ಥಾಪನೆಯ ಘೋಷಣೆ 2025ರ ಜನವರಿ 17ರಂದು ನಡೆಯಿತಾದರೂ ಅದರೊಂದಿಗೆ ವೀಸಾ ಸೇವೆ ಆರಂಭವಾಗಲಿಲ್ಲ. ಹೀಗಾಗಿ ರಾಜ್ಯದ ಅರ್ಜಿದಾರರು ಚೆನ್ನೈಗೋ ಹೈದರಾಬಾದಿಗೋ, ದಿನ ಸಿಗದಿದ್ದರೆ ಮುಂಬೈ, ದೆಹಲಿ, ಕೋಲ್ಕತ್ತಗಳಿಗೋ ಹೋಗಿ ಬರುವುದು ರೂಢಿಯಾಗಿದೆ.

ಕಾನೂನು ಹೇಳುವುದೇನು

ಅಮೆರಿಕದ ವೀಸಾ ವ್ಯವಸ್ಥೆಯ ಬುನಾದಿ 1952ರ ವಲಸೆ ಮತ್ತು ಪೌರತ್ವ ಕಾಯಿದೆ. ವಿದ್ಯಾರ್ಥಿಗಳಿಗೆ ಮುಖ್ಯವಾಗುವುದು ಅದರ ಎರಡು ಕಲಮುಗಳು. 214(ಬಿ) ಕಲಮಿನ ಪ್ರಕಾರ, ತಾತ್ಕಾಲಿಕ ವೀಸಾ ಕೇಳುವ ವ್ಯಕ್ತಿ ಅಲ್ಲಿಯೇ ನೆಲೆಸುವ ಉದ್ದೇಶ ಹೊಂದಿದ್ದಾನೆಂದು ಮೊದಲಿಗೆ ಭಾವಿಸಿಕೊಳ್ಳಬೇಕು; ಓದು ಮುಗಿಸಿ ಮರಳುವ ಉದ್ದೇಶವಿದೆಯೆಂದು ಅಧಿಕಾರಿಗೆ ಮನದಟ್ಟು ಮಾಡಿಸುವ ಹೊಣೆ ಅರ್ಜಿದಾರರದು. ಆ ಹೊಣೆಯನ್ನು ನಿಭಾಯಿಸಲಾಗದಿದ್ದರೆ ಅರ್ಜಿ ಅಲ್ಲಿಗೇ ಮುಗಿಯುತ್ತದೆ, ಮತ್ತೆ ಪ್ರಯತ್ನಿಸಬೇಕಾದರೆ ಹೊಸ ಅರ್ಜಿ ಮತ್ತು ಹೊಸ ಶುಲ್ಕ ಬೇಕಾಗುತ್ತದೆ. 221(ಜಿ) ಕಲಮು ಬೇರೆ ಬಗೆಯದು. ಅರ್ಜಿಯೊಂದಿಗಿನ ಮಾಹಿತಿ ಅಪೂರ್ಣವಾಗಿದ್ದರೆ, ಅಥವಾ ಅರ್ಜಿದಾರರು ಕಾನೂನಿನಡಿ ಅನರ್ಹರಿರಬಹುದೆಂದು ನಂಬಲು ಅಧಿಕಾರಿಗೆ ಕಾರಣವಿದ್ದರೆ, ವೀಸಾ ಕೊಡಬಾರದೆಂದು ಅದು ವಿಧಿಸುತ್ತದೆ.

ಈ ಕಲಮಿನಡಿ ಎರಡು ಭಿನ್ನ ಸನ್ನಿವೇಶಗಳು ಒಂದೇ ಹೆಸರಿನಲ್ಲಿ ಬರುತ್ತವೆ. ಬ್ಯಾಂಕಿನ ಸಾಲಮಂಜೂರಾತಿ ಪತ್ರವನ್ನೋ ಅಂಕಪಟ್ಟಿಯನ್ನೋ ಅಧಿಕಾರಿ ಕೇಳುವುದು ಮೊದಲನೆಯದು; ಅದನ್ನು ಒದಗಿಸಿದರೆ ಪ್ರಕರಣ ಸಾಮಾನ್ಯವಾಗಿ ಮುಂದೆ ಸಾಗುತ್ತದೆ. ಅರ್ಜಿಯನ್ನು ವಾಷಿಂಗ್ಟನ್ನಿನ ವಿದೇಶಾಂಗ ಇಲಾಖೆಗೂ ಅದರ ಮೂಲಕ ಇತರ ಭದ್ರತಾ ಸಂಸ್ಥೆಗಳಿಗೂ ಕಳುಹಿಸಿ ಅಭಿಪ್ರಾಯ ಕೇಳುವುದು ಎರಡನೆಯದು. ಹೀಗೆ ಕೇಳುವ ಅಭಿಪ್ರಾಯಕ್ಕೆ ‘ಭದ್ರತಾ ಸಲಹಾಭಿಪ್ರಾಯ’ ಎಂಬ ಹೆಸರಿದ್ದು, ಉತ್ತರ ಬರುವ ತನಕ ಕಾನ್ಸುಲರ್ ಅಧಿಕಾರಿ ವೀಸಾ ಕೊಡುವಂತಿಲ್ಲ. ಚೀಟಿಯ ಬಣ್ಣದ ಮೇಲೆ ಪ್ರಕರಣ ಯಾವ ಬಗೆಯದೆಂದು ಊಹಿಸುವ ಪರಿಪಾಠ ಅರ್ಜಿದಾರರಲ್ಲಿದೆಯಾದರೂ ಬಣ್ಣಗಳ ಬಳಕೆ ಕಾನ್ಸುಲೇಟಿನಿಂದ ಕಾನ್ಸುಲೇಟಿಗೆ ಬದಲಾಗುವುದರಿಂದ, ಚೀಟಿಯಲ್ಲಿ ಗುರುತು ಹಾಕಿದ ಸಾಲುಗಳನ್ನಷ್ಟೇ ನಂಬಬೇಕು.

ಪರಿಶೀಲನೆಯಲ್ಲಿರುವ ಅರ್ಜಿಯ ಸ್ಥಿತಿಯನ್ನು ವಿದೇಶಾಂಗ ಇಲಾಖೆಯ ಜಾಲತಾಣದಲ್ಲಿ ನೋಡಿದಾಗ ‘ರೆಫ್ಯೂಸ್ಡ್’ ಎಂದು ಕಾಣಿಸಿಕೊಳ್ಳುವುದು ಅನೇಕ ಕುಟುಂಬಗಳನ್ನು ಗಾಬರಿಗೊಳಿಸುತ್ತದೆ. ಇದಕ್ಕೆ ಕಾನೂನಿನ ಕಾರಣವಿದೆ. ಸಮರ್ಪಕವಾಗಿ ಸಲ್ಲಿಕೆಯಾದ ಅರ್ಜಿಯ ಮೇಲೆ ಅಧಿಕಾರಿ ವೀಸಾ ಕೊಡಬೇಕು, ಇಲ್ಲವೇ ನಿರಾಕರಿಸಬೇಕು ಎಂದು ನಿಯಮಗಳು ಹೇಳುತ್ತವೆ. ‘ಬಾಕಿ’ ಎಂಬ ಸ್ಥಿತಿಗೆ ಅವುಗಳಲ್ಲಿ ಜಾಗವಿಲ್ಲ. ಆದ್ದರಿಂದ ಪರಿಶೀಲನೆ ನಡೆಯುತ್ತಿರುವ ಅರ್ಜಿಯೂ ದಾಖಲೆಯಲ್ಲಿ ನಿರಾಕೃತವೇ ಆಗಿರುತ್ತದೆ. ಪರಿಶೀಲನೆ ಮುಗಿದ ಮೇಲೆ ಅದೇ ಅರ್ಜಿಯನ್ನು ಮತ್ತೆ ಎತ್ತಿಕೊಂಡು ವೀಸಾ ಕೊಡಲು ಅವಕಾಶವಿರುವುದರಿಂದ ಇದು ಕೊನೆಯ ತೀರ್ಮಾನವೇನೂ ಆಗುವುದಿಲ್ಲ. ಆದರೆ ಮುಂದೆ ಯಾವುದೇ ಅರ್ಜಿಯಲ್ಲಿ ‘ಹಿಂದೆ ವೀಸಾ ನಿರಾಕರಣೆಯಾಗಿದೆಯೇ’ ಎಂದು ಕೇಳಿದಾಗ ಈ ಸಂಗತಿಯನ್ನು ಮುಚ್ಚಿಡದೆ ತಿಳಿಸಬೇಕಾಗುತ್ತದೆ.

ಪರಿಶೀಲನೆ ಬೆಳೆದು ಬಂದ ಬಗೆ

ವಿದ್ಯಾರ್ಥಿಗಳನ್ನೂ ಸಂಶೋಧಕರನ್ನೂ ಹೆಚ್ಚಾಗಿ ತಟ್ಟುವ ತಪಾಸಣೆಗೆ ಆಡಳಿತದ ಒಳಭಾಷೆಯಲ್ಲಿ ‘ವೀಸಾಸ್ ಮ್ಯಾಂಟಿಸ್’ ಎಂಬ ಹೆಸರಿತ್ತು. 1998ರಲ್ಲಿ ಜಾರಿಗೆ ಬಂದ ಈ ಕ್ರಮದ ಉದ್ದೇಶ, ಸೇನಾ ಬಳಕೆಗೆ ಒದಗಬಲ್ಲ ಸೂಕ್ಷ್ಮ ತಂತ್ರಜ್ಞಾನ ಅಮೆರಿಕದಿಂದ ಹೊರಗೆ ಹೋಗದಂತೆ ತಡೆಯುವುದಾಗಿತ್ತು. ಯಾವ ವಿಷಯಗಳಲ್ಲಿ ಎಚ್ಚರ ಬೇಕೆಂದು ಅಧಿಕಾರಿಗಳಿಗೆ ತೋರಿಸಲು ‘ತಂತ್ರಜ್ಞಾನ ಎಚ್ಚರಿಕೆ ಪಟ್ಟಿ’ಯೊಂದನ್ನು ರೂಪಿಸಲಾಗಿತ್ತು. ಪರಮಾಣು ತಂತ್ರಜ್ಞಾನ ಮತ್ತು ರಾಕೆಟ್ ವ್ಯವಸ್ಥೆಗಳ ಜೊತೆಗೆ ಜೈವಿಕ ತಂತ್ರಜ್ಞಾನ, ರಾಸಾಯನಿಕ ಎಂಜಿನಿಯರಿಂಗ್, ಸೂಕ್ಷ್ಮ ಎಲೆಕ್ಟ್ರಾನಿಕ್ಸ್, ಲೇಸರ್, ರೊಬಾಟಿಕ್ಸ್, ಮಾಹಿತಿ ಭದ್ರತೆ, ಕೊನೆಗೆ ನಗರ ಯೋಜನೆ ಕೂಡ ಅದರಲ್ಲಿದ್ದವು. ಎಂಜಿನಿಯರಿಂಗ್ ಕಾಲೇಜುಗಳಿಂದ ಹೊರಬರುವ ವಿದ್ಯಾರ್ಥಿಗಳು ಉನ್ನತ ವ್ಯಾಸಂಗಕ್ಕೆ ಆರಿಸಿಕೊಳ್ಳುವ ಬಹುತೇಕ ವಿಷಯಗಳು ಇದರ ಒಳಗೇ ಬರುತ್ತವೆ ಎಂಬುದನ್ನು ಗಮನಿಸಿದರೆ, ಪಟ್ಟಿ ಎಷ್ಟು ವಿಶಾಲವಾಗಿತ್ತೆಂದು ತಿಳಿಯುತ್ತದೆ.

2001ರ ಸೆಪ್ಟೆಂಬರ್ 11ರ ದಾಳಿ ಈ ವ್ಯವಸ್ಥೆಗೆ ಹೊಸ ತೀವ್ರತೆ ತಂದಿತು. ವಿಮಾನ ಅಪಹರಿಸಿದವರಲ್ಲಿ ಹಾನಿ ಹಂಜೂರ್ ಎಂಬಾತ ವಿದ್ಯಾರ್ಥಿ ವೀಸಾದ ಮೇಲೆ ದೇಶವನ್ನು ಹೊಕ್ಕಿದ್ದ. ದಾಳಿ ನಡೆದು ಸರಿಯಾಗಿ ಆರು ತಿಂಗಳಾದ ಮೇಲೆ, ದಾಳಿಯಲ್ಲಿ ಸತ್ತಿದ್ದ ಮೊಹಮ್ಮದ್ ಅತ್ತಾ ಮತ್ತು ಮರ್ವಾನ್ ಅಲ್-ಶೆಹ್ಹಿ ಅವರಿಗೆ ವಿದ್ಯಾರ್ಥಿಗಳಾಗಿ ಉಳಿಯಲು ಅನುಮತಿ ಸಿಕ್ಕಿದೆಯೆಂಬ ಪತ್ರಗಳು ಫ್ಲಾರಿಡಾದ ವೈಮಾನಿಕ ತರಬೇತಿ ಶಾಲೆಗೆ ತಲುಪಿದ್ದು ಅಮೆರಿಕದ ವಲಸೆ ಆಡಳಿತದ ಮುಖಭಂಗಕ್ಕೆ ಕಾರಣವಾಯಿತು. ವಿದ್ಯಾರ್ಥಿಗಳ ದಾಖಲೆಯನ್ನು ಗಣಕೀಕರಿಸಿದ ಸೆವಿಸ್ ವ್ಯವಸ್ಥೆ 2003ರಲ್ಲಿ ಪೂರ್ಣವಾಗಿ ಬಳಕೆಗೆ ಬಂದುದು, ಅದೇ ವರ್ಷ ಬಹುಪಾಲು ಅರ್ಜಿದಾರರಿಗೆ ಖುದ್ದು ಸಂದರ್ಶನ ಕಡ್ಡಾಯವಾದುದು ಇದೇ ಹಿನ್ನೆಲೆಯಲ್ಲಿ. ಅದಕ್ಕೆ ತಕ್ಕ ಸಿಬ್ಬಂದಿಯಾಗಲಿ ಕಂಪ್ಯೂಟರ್ ಸೌಕರ್ಯವಾಗಲಿ ಇಲ್ಲದೆ ತಪಾಸಣೆಯ ಹೊರೆ ಮಾತ್ರ ಏರಿದ್ದರಿಂದ ಕಡತಗಳು ರಾಶಿಬಿದ್ದವು.

ಈ ರಾಶಿಯನ್ನು ಅಳೆದು ನೋಡಿದ್ದು ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯಾದ ಜಿಎಒ. ವಿಜ್ಞಾನದ ವಿದ್ಯಾರ್ಥಿಗಳು ಮತ್ತು ವಿದ್ವಾಂಸರ ಮ್ಯಾಂಟಿಸ್ ಪ್ರಕರಣಗಳನ್ನು 2003ರ ಮಾದರಿಯೊಂದರಲ್ಲಿ ಪರೀಕ್ಷಿಸಿದಾಗ, ತಪಾಸಣೆ ಮುಗಿದು ಕಾನ್ಸುಲೇಟಿಗೆ ಉತ್ತರ ಹೋಗಲು ಸರಾಸರಿ 67 ದಿನ ಹಿಡಿದಿತ್ತೆಂದು ಅದು 2004ರ ಫೆಬ್ರವರಿಯ ವರದಿಯಲ್ಲಿ ತಿಳಿಸಿತು. ವಿಳಂಬದ ಕಾರಣಗಳಾಗಿ ವರದಿ ಗುರುತಿಸಿದ್ದು ಬಹುತೇಕ ಕಚೇರಿಯ ಲೋಪಗಳನ್ನೇ: ಕಾನ್ಸುಲೇಟುಗಳಿಂದ ಹೋದ ಕೋರಿಕೆಗಳು ಸರಿಯಾದ ನಮೂನೆಯಲ್ಲಿರಲಿಲ್ಲ, ವಿದೇಶಾಂಗ ಇಲಾಖೆಯ ಕಂಪ್ಯೂಟರ್ ವ್ಯವಸ್ಥೆಗೂ ತನಿಖಾ ಸಂಸ್ಥೆಯಾದ ಎಫ್‌ಬಿಐನ ವ್ಯವಸ್ಥೆಗೂ ಹೊಂದಾಣಿಕೆಯಿರಲಿಲ್ಲ, ಯಾವ ಅರ್ಜಿಯನ್ನು ಕಳುಹಿಸಬೇಕೆಂಬ ಬಗ್ಗೆ ಅಧಿಕಾರಿಗಳಿಗೆ ಸ್ಪಷ್ಟ ಮಾರ್ಗದರ್ಶನವಿರಲಿಲ್ಲ. ಸಿಬ್ಬಂದಿಯನ್ನು ಹೆಚ್ಚಿಸಿ, ಮಾರ್ಗದರ್ಶನ ಕೊಟ್ಟು, ಪ್ರತಿ ಪ್ರಕರಣ ಎಲ್ಲಿದೆಯೆಂದು ಕಂಪ್ಯೂಟರಿನಲ್ಲಿ ಹಿಂಬಾಲಿಸಲು ಆರಂಭಿಸಿದ ಮೇಲೆ, 2004ರ ನವೆಂಬರ್ ವೇಳೆಗೆ ಸರಾಸರಿ ಅವಧಿ ಸುಮಾರು 15 ದಿನಕ್ಕೆ ಇಳಿದಿತ್ತು ಎಂದು ಅದೇ ಸಂಸ್ಥೆಯ 2005ರ ವರದಿ ದಾಖಲಿಸುತ್ತದೆ. ಒಮ್ಮೆ ಪಡೆದ ಮ್ಯಾಂಟಿಸ್ ಒಪ್ಪಿಗೆಯನ್ನು ವಿದ್ಯಾರ್ಥಿಯ ವ್ಯಾಸಂಗದ ಅವಧಿಗೆ, ಗರಿಷ್ಠ ನಾಲ್ಕು ವರ್ಷದವರೆಗೆ, ಊರ್ಜಿತವಾಗಿಡುವ ನಿರ್ಧಾರವೂ 2005ರಲ್ಲಿ ಬಂತು. ಭದ್ರತೆಯ ನಿಯಮವನ್ನು ಕೈಬಿಡದೆಯೇ ಕಾಯುವ ಕಾಲ ಕಾಲು ಭಾಗಕ್ಕಿಂತ ಕಡಿಮೆಯಾಯಿತು ಎಂಬ ಈ ಸಂಗತಿ, ಮುಂದಿನ ಚರ್ಚೆಗೆಲ್ಲ ಆಧಾರವಾಗಬೇಕಾದದ್ದು.

ಬೆಂಗಳೂರಿನ ವಿಜ್ಞಾನಿಯೊಬ್ಬರ ಪ್ರಕರಣ

ಪರಿಶೀಲನೆಯ ಜಾಲ ಎಷ್ಟು ಅಗಲವಾಗಿ ಬೀಸುತ್ತದೆ ಎಂಬುದನ್ನು 2006ರ ಫೆಬ್ರವರಿಯಲ್ಲಿ ಕರ್ನಾಟಕ ಹತ್ತಿರದಿಂದ ಕಂಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ, ಆಗ ಅಂತರರಾಷ್ಟ್ರೀಯ ವಿಜ್ಞಾನ ಮಂಡಳಿಯ ಅಧ್ಯಕ್ಷರೂ ಆಗಿದ್ದ ಸಾವಯವ ರಸಾಯನಶಾಸ್ತ್ರಜ್ಞ ಗೋವರ್ಧನ್ ಮೆಹ್ತಾ, ಫ್ಲಾರಿಡಾ ವಿಶ್ವವಿದ್ಯಾಲಯದ ಆಹ್ವಾನದ ಮೇಲೆ ಹೊರಡಲು ಚೆನ್ನೈ ಕಾನ್ಸುಲೇಟಿನಲ್ಲಿ ಸಂದರ್ಶನಕ್ಕೆ ಹಾಜರಾದರು. ಅವರ ರಸಾಯನಶಾಸ್ತ್ರದ ಸಂಶೋಧನೆ ರಾಸಾಯನಿಕ ಅಸ್ತ್ರಗಳಿಗೆ ಬಳಕೆಯಾಗಬಹುದೇ ಎಂಬ ಪ್ರಶ್ನೆ ಎದ್ದು, ಹೆಚ್ಚುವರಿ ವಿವರಗಳನ್ನು ಬರೆದುಕೊಡಬೇಕೆಂದು ಸೂಚಿಸಲಾಯಿತು. ಹಲವು ಬಾರಿ ಅಮೆರಿಕಕ್ಕೆ ಹೋಗಿ ಬಂದಿದ್ದ ಹಿರಿಯ ವಿಜ್ಞಾನಿ ಇದನ್ನು ಅವಮಾನವೆಂದು ಪರಿಗಣಿಸಿ ಪ್ರಯಾಣವನ್ನೇ ಕೈಬಿಟ್ಟರು. ವೀಸಾ ನಿರಾಕರಿಸಿಲ್ಲ, ಹೆಚ್ಚಿನ ಮಾಹಿತಿಗಾಗಿ ಕಾಯಲಾಗುತ್ತಿದೆ ಎಂಬುದು ಅಮೆರಿಕದ ರಾಯಭಾರ ಕಚೇರಿಯ ನಿಲುವಾಗಿತ್ತು. ಅಧ್ಯಕ್ಷ ಜಾರ್ಜ್ ಬುಷ್ ಅವರ ಭಾರತ ಭೇಟಿ ಸಮೀಪಿಸಿದ್ದ ಆ ದಿನಗಳಲ್ಲಿ ಸುದ್ದಿ ಎರಡೂ ದೇಶಗಳಲ್ಲಿ ದೊಡ್ಡದಾಗಿ, ಕೆಲವೇ ದಿನಗಳಲ್ಲಿ ವೀಸಾ ಮಂಜೂರಾಯಿತು.

ಈ ಪ್ರಕರಣ ಎರಡು ವಿಷಯಗಳನ್ನು ಬಯಲು ಮಾಡುತ್ತದೆ. ತಪಾಸಣೆಗೆ ಆಯ್ಕೆಯಾಗುವುದು ವ್ಯಕ್ತಿಯ ಮೇಲೆ ಅನುಮಾನವಿರುವುದರಿಂದಲೇ ಎಂದೇನಿಲ್ಲ; ಓದಿನ ವಿಷಯ ಪಟ್ಟಿಯಲ್ಲಿದ್ದರೆ ಅಷ್ಟೇ ಸಾಕಾಗಬಹುದು. ಎರಡನೆಯದಾಗಿ, ಗಮನ ಹರಿಸಲು ಕಾರಣವಿದ್ದಾಗ ಕಡತ ಬೇಗ ಮುಗಿಯುತ್ತದೆ. ವಿಶ್ವಖ್ಯಾತ ವಿಜ್ಞಾನಿಯ ಪರವಾಗಿ ಎರಡು ಸರ್ಕಾರಗಳು ಮಾತನಾಡಬಲ್ಲವು. ಹುಬ್ಬಳ್ಳಿಯಿಂದಲೋ ಕಲಬುರಗಿಯಿಂದಲೋ ಹೋಗಿ ಪಿಎಚ್‌.ಡಿ. ಪ್ರವೇಶದ ಐ-20 ಹಿಡಿದು ನಿಂತ ವಿದ್ಯಾರ್ಥಿಯ ಪರವಾಗಿ ಮಾತನಾಡುವವರು ಯಾರೂ ಇರುವುದಿಲ್ಲ, ಆದ್ದರಿಂದ ವ್ಯವಸ್ಥೆಯ ನಿಯಮವೇ ಆ ವಿದ್ಯಾರ್ಥಿಯ ಪರವಾಗಿ ಇರಬೇಕಾಗುತ್ತದೆ.

ವಿಷಯ, ಹೆಸರು, ಸಾಮಾಜಿಕ ಜಾಲತಾಣ

ವ್ಯಾಸಂಗದ ವಿಷಯದ ಹೊರತಾಗಿ ಅರ್ಜಿಯನ್ನು ನಿಲ್ಲಿಸುವ ಇನ್ನೊಂದು ಕಾರಣ ಹೆಸರು. ಪ್ರತಿ ಅರ್ಜಿದಾರರ ಹೆಸರು ಮತ್ತು ಜನ್ಮದಿನಾಂಕವನ್ನು ನಿಗಾಪಟ್ಟಿಗಳೊಂದಿಗೆ ಕಂಪ್ಯೂಟರ್ ಹೋಲಿಸುತ್ತದೆ. ಹೋಲುವ ದಾಖಲೆ ಸಿಕ್ಕರೆ ಅದು ಇದೇ ವ್ಯಕ್ತಿಯದಲ್ಲವೆಂದು ಖಚಿತವಾಗುವ ತನಕ ಅರ್ಜಿ ಮುಂದೆ ಹೋಗುವುದಿಲ್ಲ. ಕರ್ನಾಟಕದಲ್ಲಿ ಈ ಸಮಸ್ಯೆಗೆ ತನ್ನದೇ ಆದ ಮುಖವಿದೆ. ಇಲ್ಲಿ ಅನೇಕರಿಗೆ ಕುಲನಾಮವಿರುವುದಿಲ್ಲ; ಹೆಸರಿನ ಹಿಂದೋ ಮುಂದೋ ತಂದೆಯ ಅಥವಾ ಊರಿನ ಹೆಸರಿನ ಮೊದಲಕ್ಷರ ಇರುತ್ತದೆ. ಅದು ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್ ಆಗಿಯೂ, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದ ಪೂರ್ಣ ಹೆಸರಾಗಿಯೂ, ಬ್ಯಾಂಕ್ ದಾಖಲೆಯಲ್ಲಿ ಮತ್ತೊಂದು ಕ್ರಮದಲ್ಲಿಯೂ ಇರುವುದು ಸಾಮಾನ್ಯ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದು ಕುಲನಾಮದ ಜಾಗಕ್ಕೆ ಹೋಗಿ, ಸ್ವಂತ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’, ಅಂದರೆ ಮೊದಲ ಹೆಸರು ತಿಳಿದಿಲ್ಲ, ಎಂದು ಅಚ್ಚಾಗುತ್ತದೆ. ಅರ್ಜಿ ಹಾಕುವ ಮೊದಲೇ ಎಲ್ಲ ದಾಖಲೆಗಳಲ್ಲಿ ಹೆಸರನ್ನು ಒಂದೇ ರೂಪಕ್ಕೆ ತರುವುದು ಈ ಗೊಂದಲವನ್ನು ತಡೆಯುವ ಸುಲಭ ಉಪಾಯ.

ಮೂರನೆಯ ಕಾರಣ ಇತ್ತೀಚಿನದು. ಕಳೆದ ಐದು ವರ್ಷಗಳಲ್ಲಿ ಬಳಸಿದ ಸಾಮಾಜಿಕ ಜಾಲತಾಣ ಖಾತೆಗಳ ಹೆಸರನ್ನು ಡಿಎಸ್-160ರಲ್ಲಿ ಬರೆಯುವುದು 2019ರಿಂದ ಕಡ್ಡಾಯವಾಗಿದೆ. ಆಯ್ದ ಕೆಲವರಿಗೆ 2017ರಿಂದ ಡಿಎಸ್-5535 ಎಂಬ ಪೂರಕ ಪ್ರಶ್ನಾವಳಿಯನ್ನು ಕೊಡಲಾಗುತ್ತಿದ್ದು, ಅದರಲ್ಲಿ ಹಿಂದಿನ ಹದಿನೈದು ವರ್ಷಗಳ ಪ್ರಯಾಣ, ವಾಸ ಮತ್ತು ಉದ್ಯೋಗದ ವಿವರಗಳನ್ನು ತುಂಬಬೇಕು. 2025ರ ಮೇ 27ರಂದು ವಿದ್ಯಾರ್ಥಿ ವೀಸಾಗಳ ಹೊಸ ಸಂದರ್ಶನ ದಿನಗಳನ್ನು ಕೊಡುವುದನ್ನೇ ಅಮೆರಿಕ ಸರ್ಕಾರ ನಿಲ್ಲಿಸಿ, ಜೂನ್ 18ರಂದು ಮತ್ತೆ ಆರಂಭಿಸಿದಾಗ, ಅರ್ಜಿದಾರರು ತಮ್ಮ ಜಾಲತಾಣ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕೆಂಬ ಷರತ್ತು ಸೇರಿಕೊಂಡಿತು. ಆಗಸ್ಟ್‌ನಲ್ಲಿ ತರಗತಿ ಆರಂಭವಾಗುವ ವಿದ್ಯಾರ್ಥಿಗಳಿಗೆ ಮೇ-ಜೂನ್ ತಿಂಗಳುಗಳೇ ಅತಿ ಮುಖ್ಯವಾದ್ದರಿಂದ, ಆ ಮೂರು ವಾರಗಳ ನಷ್ಟವೂ ಖಾತೆಗಳನ್ನು ಒಂದೊಂದಾಗಿ ಓದಿ ನೋಡುವ ಹೊಸ ಕೆಲಸವೂ ಸೇರಿ ಸರತಿ ಇನ್ನಷ್ಟು ಉದ್ದವಾಯಿತು.

ಹೊಂದಿಕೆಯಾಗದ ಕಾಲಪಟ್ಟಿಗಳು

ವಿಳಂಬದ ನಿಜವಾದ ಬೆಲೆ ತಿಳಿಯಬೇಕಾದರೆ ವಿದ್ಯಾರ್ಥಿಯ ಸುತ್ತಲಿನ ಇತರ ಗಡುವುಗಳನ್ನು ನೋಡಬೇಕು. ಐ-20ರಲ್ಲಿ ಕೋರ್ಸ್ ಆರಂಭದ ದಿನಾಂಕ ಅಚ್ಚಾಗಿರುತ್ತದೆ. ಅದಕ್ಕೆ ಮೂವತ್ತು ದಿನ ಮುಂಚಿತವಾಗಿ ಮಾತ್ರ ಅಮೆರಿಕವನ್ನು ಪ್ರವೇಶಿಸಬಹುದು. ತಡವಾಗಿ ಬರಲು ವಿಶ್ವವಿದ್ಯಾಲಯದ ಅನುಮತಿ ಬೇಕು, ಅದಕ್ಕೂ ಕೊನೆಯ ದಿನವಿದೆ. ಆ ದಿನ ದಾಟಿದರೆ ಪ್ರವೇಶವನ್ನು ಮುಂದಿನ ಸೆಮಿಸ್ಟರಿಗೋ ಮರುವರ್ಷಕ್ಕೋ ಮುಂದೂಡಿಸಿಕೊಳ್ಳಬೇಕು. ಸೀಟು ಉಳಿದರೂ ಪ್ರಾಧ್ಯಾಪಕರ ಯೋಜನೆಯಡಿ ಸಿಕ್ಕಿದ್ದ ಸಂಶೋಧನಾ ಸಹಾಯಕ ಹುದ್ದೆಯೂ ಅದರ ವೇತನವೂ ಉಳಿಯುತ್ತದೆಂಬ ಭರವಸೆಯಿಲ್ಲ, ಏಕೆಂದರೆ ಯೋಜನೆಗೂ ತನ್ನದೇ ಗಡುವಿರುತ್ತದೆ. ಇತ್ತ ಊರಿನಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟಾಗಿರುತ್ತದೆ, ಮನೆಪತ್ರವನ್ನು ಬ್ಯಾಂಕಿನಲ್ಲಿ ಅಡವಿಟ್ಟಾಗಿರುತ್ತದೆ, ಬಿಡುಗಡೆಯಾದ ಸಾಲದ ಕಂತಿನ ಮೇಲೆ ಬಡ್ಡಿ ಓಡತೊಡಗಿರುತ್ತದೆ. ಇಷ್ಟೆಲ್ಲ ಗಡುವುಗಳ ನಡುವೆ ಗಡುವಿಲ್ಲದಿರುವುದು ಪರಿಶೀಲನೆಗೆ ಮಾತ್ರ, ಮತ್ತು ಉಳಿದೆಲ್ಲವೂ ಕಾಯುತ್ತಿರುವುದು ಅದಕ್ಕಾಗಿಯೇ. ಸೆಪ್ಟೆಂಬರಿನಲ್ಲಿ ಬರುವ ಒಪ್ಪಿಗೆ, ಆಗಸ್ಟಿನಲ್ಲಿ ಶುರುವಾದ ಕೋರ್ಸಿನ ಮಟ್ಟಿಗೆ ನಿರಾಕರಣೆಗೆ ಸಮಾನವೇ ಆಗಿಬಿಡುತ್ತದೆ.

ನ್ಯಾಯಾಲಯದ ದಾರಿಯೂ ಕಿರಿದು. ವೀಸಾ ಕುರಿತ ಕಾನ್ಸುಲರ್ ಅಧಿಕಾರಿಯ ತೀರ್ಮಾನವನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಮರುಪರಿಶೀಲಿಸುವುದಿಲ್ಲ ಎಂಬ ತತ್ವವನ್ನು ಅಮೆರಿಕದ ಸುಪ್ರೀಂ ಕೋರ್ಟ್ 2024ರ ಜೂನ್‌ನಲ್ಲಿ ಮತ್ತೊಮ್ಮೆ ಎತ್ತಿಹಿಡಿಯಿತು. ವಿಳಂಬವನ್ನಷ್ಟೇ ಪ್ರಶ್ನಿಸಿ, ಕರ್ತವ್ಯ ನಿರ್ವಹಿಸುವಂತೆ ಅಧಿಕಾರಿಗೆ ಆದೇಶಿಸಬೇಕೆಂದು ಕೋರುವ ‘ಮ್ಯಾಂಡಮಸ್’ ದಾವೆಗಳು ಹೂಡಲ್ಪಡುತ್ತವೆಯಾದರೂ, 221(ಜಿ) ಅಡಿಯ ನಿರಾಕರಣೆಯೊಂದಿಗೇ ಅಧಿಕಾರಿಯ ಕರ್ತವ್ಯ ಮುಗಿಯುತ್ತದೆಂದು ಕೆಲವು ನ್ಯಾಯಾಲಯಗಳೂ, ಮುಗಿಯುವುದಿಲ್ಲವೆಂದು ಇನ್ನು ಕೆಲವೂ ಹೇಳಿವೆ. ವೀಸಾ ದಾಖಲೆಗಳು ಗೋಪ್ಯವೆಂದು ಕಾಯಿದೆಯೇ ಹೇಳುವುದರಿಂದ ಮಾಹಿತಿ ಹಕ್ಕಿನಡಿ ಕಾರಣ ತಿಳಿಯುವುದೂ ಕಷ್ಟ.

ವಿದ್ಯಾರ್ಥಿಯ ಕೈಯಲ್ಲಿರುವುದು

ಇಷ್ಟಾದರೂ ಅರ್ಜಿದಾರರು ಮಾಡಬಹುದಾದ ಕೆಲಸಗಳಿವೆ. ಕೋರ್ಸ್ ಆರಂಭಕ್ಕೆ 365 ದಿನ ಮೊದಲಿನಿಂದಲೇ ವಿದ್ಯಾರ್ಥಿ ವೀಸಾ ಕೊಡಲು ಅವಕಾಶವಿರುವುದರಿಂದ, ಐ-20 ಬಂದ ಕೂಡಲೇ ಸಂದರ್ಶನದ ದಿನ ಹಿಡಿಯುವುದು ಎಲ್ಲಕ್ಕಿಂತ ಮುಖ್ಯ. ವಿಜ್ಞಾನ ಮತ್ತು ತಂತ್ರಜ್ಞಾನದ ವಿದ್ಯಾರ್ಥಿಗಳು ತಮ್ಮ ಪರಿಚಯಪತ್ರ, ಪ್ರಕಟಣೆಗಳ ಪಟ್ಟಿ, ಮಾರ್ಗದರ್ಶಕರ ಹೆಸರು ಹಾಗೂ ಸಂಶೋಧನೆಯ ಉದ್ದೇಶವನ್ನು ಸಾಮಾನ್ಯ ಓದುಗರಿಗೂ ತಿಳಿಯುವಂತೆ ವಿವರಿಸುವ ಒಂದು ಪುಟದ ಬರಹವನ್ನು ಸಂದರ್ಶನಕ್ಕೇ ಒಯ್ಯುವುದು ಒಳ್ಳೆಯದು. ಚೀಟಿ ಕೈಗೆ ಬಂದ ಮೇಲೆ ಅದರಲ್ಲಿ ಕೇಳಿದ್ದನ್ನು ಪೂರ್ತಿಯಾಗಿ, ಒಂದೇ ಸಲಕ್ಕೆ, ಸೂಚಿಸಿದ ಮಾರ್ಗದಲ್ಲೇ ಕಳುಹಿಸಬೇಕು. ನಿರಾಕರಣೆಯ ದಿನದಿಂದ ಒಂದು ವರ್ಷದೊಳಗೆ ಕೇಳಿದ ದಾಖಲೆ ಕೊಡದಿದ್ದರೆ ಹೊಸ ಅರ್ಜಿ, ಹೊಸ ಶುಲ್ಕದೊಂದಿಗೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ವಿಶ್ವವಿದ್ಯಾಲಯದಲ್ಲಿ ವಿದೇಶಿ ವಿದ್ಯಾರ್ಥಿಗಳ ಸೆವಿಸ್ ದಾಖಲೆ ನೋಡಿಕೊಳ್ಳುವ ಅಧಿಕಾರಿಗೆ ಮೊದಲ ದಿನವೇ ವಿಷಯ ತಿಳಿಸಿದರೆ, ಪ್ರವೇಶ ಮುಂದೂಡುವುದೂ ಐ-20ರ ದಿನಾಂಕ ಬದಲಿಸುವುದೂ ಸುಲಭವಾಗುತ್ತದೆ. ವೀಸಾ ಕೈಸೇರುವ ತನಕ ಸಾಲದ ದೊಡ್ಡ ಕಂತನ್ನು ಬಿಡಿಸಿಕೊಳ್ಳದಿರುವುದು, ಮರುಪಾವತಿಯಿಲ್ಲದ ಟಿಕೆಟ್ ಕೊಳ್ಳದಿರುವುದು, ‘ಒಳಗಿನವರಿಂದ’ ಬೇಗ ಮಾಡಿಸಿಕೊಡುತ್ತೇವೆನ್ನುವ ಏಜೆಂಟರಿಗೆ ಹಣ ಕೊಡದಿರುವುದು ಕುಟುಂಬದ ಕಡೆಯ ಎಚ್ಚರಗಳು.

ತನ್ನ ಗಡಿಯನ್ನು ಯಾರು ದಾಟಬೇಕೆಂದು ನಿರ್ಧರಿಸುವ ಹಕ್ಕು ಪ್ರತಿ ದೇಶಕ್ಕೂ ಇದೆ, ಮತ್ತು ಕೆಲವು ತಂತ್ರಜ್ಞಾನಗಳ ಮೇಲೆ ಕಣ್ಣಿಡುವುದು ನ್ಯಾಯವಾದ ಕಾಳಜಿ. ಅನ್ಯಾಯವಿರುವುದು ಅವಧಿ ಹೇಳದೆ, ಕಾರಣದ ಬಗೆಯನ್ನೂ ತಿಳಿಸದೆ ಕಾಯಿಸುವುದರಲ್ಲಿ. ಪರಿಶೀಲನೆಗೆ ಇಂತಿಷ್ಟು ದಿನವೆಂಬ ಪ್ರಕಟಿತ ಗುರಿ, ಆ ಗುರಿ ದಾಟಿದ ಪ್ರಕರಣಗಳು ತಾವಾಗಿಯೇ ಮೇಲಧಿಕಾರಿಯ ಮೇಜಿಗೆ ಹೋಗುವ ಏರ್ಪಾಡು, ಕೋರ್ಸಿನ ದಿನಾಂಕ ಹತ್ತಿರವಿರುವ ವಿದ್ಯಾರ್ಥಿಗಳಿಗೆ ಆದ್ಯತೆ, ಸರಾಸರಿ ಅವಧಿಯ ವಾರ್ಷಿಕ ಪ್ರಕಟಣೆ ಎಂಬ ನಾಲ್ಕು ಸುಧಾರಣೆಗಳಲ್ಲಿ ಯಾವುದೂ ಭದ್ರತೆಯನ್ನು ಸಡಿಲಿಸುವುದಿಲ್ಲ. ಭದ್ರತೆಯನ್ನು ಸಡಿಲಿಸದೆಯೇ ವೇಗ ಹೆಚ್ಚಿಸಬಹುದೆಂದು ಅಮೆರಿಕದ ಆಡಳಿತವೇ 2004ರಲ್ಲಿ ಮಾಡಿ ತೋರಿಸಿತ್ತು. 67 ದಿನಗಳ ಕೆಲಸವನ್ನು 15 ದಿನಗಳಲ್ಲಿ ಮುಗಿಸಲು ಆಗ ಬೇಕಾಗಿದ್ದದ್ದು ಹೆಚ್ಚುವರಿ ಸಿಬ್ಬಂದಿ, ಸ್ಪಷ್ಟ ಸೂಚನೆ ಮತ್ತು ಕಡತ ಎಲ್ಲಿದೆಯೆಂದು ನೋಡುವ ವ್ಯವಸ್ಥೆ. ಮೂರು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಕಳುಹಿಸಿಕೊಡುತ್ತಿರುವ ಭಾರತದ ಸರ್ಕಾರ, ಅವರ ಶುಲ್ಕ ಮತ್ತು ಪ್ರತಿಭೆಗಳನ್ನು ಅವಲಂಬಿಸಿರುವ ಅಮೆರಿಕದ ವಿಶ್ವವಿದ್ಯಾಲಯಗಳು ಜೊತೆಯಾಗಿ ಆ ಸುಧಾರಣೆಯನ್ನು ಶಾಶ್ವತ ನಿಯಮವನ್ನಾಗಿಸಲು ಒತ್ತಾಯಿಸಬೇಕು. ವಿದ್ಯಾರ್ಥಿಗೆ ಸಲ್ಲಬೇಕಾದದ್ದು ಸಕಾಲದಲ್ಲಿ ಬರುವ ಉತ್ತರ. ಆ ಉತ್ತರ ಇಲ್ಲವೆಂದೇ ಆಗಿದ್ದರೂ, ಬೇರೆ ದಾರಿ ಹುಡುಕಿಕೊಳ್ಳಲು ಒಂದು ವರ್ಷ ಉಳಿದಿರುವಾಗಲೇ ಅದು ಬರಬೇಕು.